ಗಾಡಿತಾಯಿಗೆ ಕರೆಂಟ್ ಯಾಕೆ?

ರಂಪಾಯ್ ಡೋಂಗ್‌ಯಾಂಗ್ ಊರಿನ ಅರಳಿಮರದ ಹತ್ತಿರ ಗಾಡಿ ತಿರುಗಿಸುವಷ್ಟರಲ್ಲಿ ಸಮ್ರಿತ್ ತಕ್ಕಡಿ ಒರೆಸಿ ಒಳಗಿಡುತ್ತಿದ್ದ. ತಕ್ಕಡಿ ಒಳಗೆ ಹೋಯಿತೆಂದರೆ ಊರಿನ ಹೆಂಗಸರು ಕೊಳ್ಳುವುದನ್ನೆಲ್ಲ ಕೊಂಡು ಒಲೆ ಹಚ್ಚಿಯಾಗಿದೆ ಎಂದೇ ಅರ್ಥ. ಇನ್ನು ಅವಳ ಮೀನನ್ನು ಕೇಳಲು ಉಳಿದಿದ್ದವು ಬೆಕ್ಕುಗಳು ಮಾತ್ರ.

“ಏನಮ್ಮ ತಂಗಿ, ಇವತ್ತೂ ನಿದ್ದೆ ಜಾಸ್ತಿ ಆಯ್ತಾ?” ಎಂದ ಸಮ್ರಿತ್, ಕನ್ನಡಿಯಂಥ ಕಪ್ಪು ಕನ್ನಡಕವನ್ನು ಹಣೆಗೇರಿಸಿ. “ಎರಡು ಚೀಲ ಮೆಣಸಿನಕಾಯಿ ಉಳಿದಿದೆ. ಬೇಕಾದ್ರೆ ತಗೊಂಡು ಹೋಗು, ಮುಂದಿನ ಊರಲ್ಲಿ ಮಾರ್ಕೊ.”

“ನಿಮ್ಮ ಮೆಣಸಿನಕಾಯಿ ನೀವೇ ತಿನ್ನಿ ಅಣ್ಣ. ಹೊಟ್ಟೆ ತಂಪಾಗಿರ್ಲಿ.”

“ಮುಂದಿನ ಊರು ಯಾವುದು? ಕುತ್‌ಪ್ಲಾ ತಾನೆ?” ಅವನು ಮೀಸೆಯಡಿಯಲ್ಲಿ ನಕ್ಕ. “ನಾನೂ ಅಲ್ಲಿಗೇ.”

ಅವಳ ಮೈಯೆಲ್ಲ ಉರಿದುಹೋಯಿತು. ಡೋಂಗ್‌ಯಾಂಗ್ ಆದಮೇಲೆ ಕುತ್‌ಪ್ಲಾ ಎಂದು ಅವಳು ತೀರ್ಮಾನಿಸಿದ್ದು ಬೆಳಗಿನ ಜಾವ ಐದಕ್ಕೆ, ತನ್ನ ಮನೆಯಂಗಳದಲ್ಲಿ. ನಿನ್ನೆ ದಾರಿ ಬೇರೆ, ಮೊನ್ನೆಯದು ಅದಕ್ಕಿಂತ ಬೇರೆ. ದಿನಕ್ಕೊಂದು ದಾರಿ ಹಿಡಿದರೂ ಈ ಮನುಷ್ಯ ಎಲ್ಲ ಊರಿನಲ್ಲೂ ಅವಳಿಗಿಂತ ಕಾಲು ಗಂಟೆ ಮೊದಲೇ ಹೋಗಿ ನಿಂತಿರುತ್ತಿದ್ದ.

ಇಬ್ಬರದೂ ತರಕಾರಿ ಗಾಡಿ. ಪಿಕಪ್ಪಿನ ಹಿಂದೆ ಕಬ್ಬಿಣದ ಚೌಕಟ್ಟು ಹೂಡಿ, ಅದರ ಸುತ್ತ ಪ್ಲಾಸ್ಟಿಕ್ ಚೀಲಗಳನ್ನು ಜೋತುಬಿಟ್ಟು, ಮಂಜುಗಡ್ಡೆ ಪೆಟ್ಟಿಗೆಯಲ್ಲಿ ಮೀನು ತುಂಬಿ, ತಲೆಯ ಮೇಲೆ ಒಂದು ಧ್ವನಿವರ್ಧಕ ಕಟ್ಟಿಕೊಂಡರೆ ಅಂಗಡಿ ಸಿದ್ಧ. ಬದನೆ, ನಿಂಬೆಹುಲ್ಲು, ಬಾತುಮೊಟ್ಟೆ, ಕೆಂಪಿರುವೆ ಮೊಟ್ಟೆ, ಹುಳಿಬರಿಸಿದ ಮೀನು, ಎಲೆಯಲ್ಲಿ ಸುತ್ತಿದ ಅಂಟನ್ನ, ಬೇಕಾದ್ದೆಲ್ಲ ಮನೆಬಾಗಿಲಿಗೇ. ಗಾಡಿ ಓಡಿದರೆ ಹಣ್ಣುಬಿಟ್ಟ ಮರವೊಂದು ರಸ್ತೆಗಿಳಿದಂತೆ ಕಾಣುತ್ತಿತ್ತು. ಹನ್ನೊಂದು ಹಳ್ಳಿಗಳ ಈ ಸುತ್ತಿನಲ್ಲಿ ಹದಿನಾಲ್ಕು ವರ್ಷ ಸಮ್ರಿತ್ ಒಬ್ಬನೇ ರಾಜನಾಗಿ ಮೆರೆದಿದ್ದ. ಭಿಕ್ಷುಗಳ ಮೂರು ತಿಂಗಳ ಮಳೆಗಾಲದ ವ್ರತ ಶುರುವಾಗುವ ಹೊತ್ತಿಗೆ ರಂಪಾಯ್ ಇಳಿದಳು.

ಅವಳು ಹತ್ತೊಂಬತ್ತು ವರ್ಷ ದೂರದ ರಯೋಂಗಿನ ಕಾರ್ಖಾನೆಯಲ್ಲಿ ಕಾರಿನ ಸೀಟಿಗೆ ಕವರು ಹೊಲಿದವಳು. ಕಾರುಗಳ ಸೀಟು ಹೊಲಿದು ಹೊಲಿದು ತನ್ನ ಸೊಂಟವೇ ಸೀಟಿನಂತಾಯಿತು ಎಂದು ನಗುತ್ತಾ ಊರಿಗೆ ಬಂದು, ತಾಲ್ಲೂಕಿನ ಹಳೇ ಗಾಡಿಗಳ ಅಂಗಳದಲ್ಲಿ ಈ ಬಿಳಿ ಪಿಕಪ್ಪನ್ನು ಕೊಂಡಿದ್ದಳು. “ಯಾರೋ ಮೇಷ್ಟ್ರದ್ದು, ಶಾಲೆಗೆ ಹೋಗಿ ಬಂದಿದ್ದು ಬಿಟ್ರೆ ಎಲ್ಲೂ ಓಡಿಸಿಲ್ಲ” ಎಂದಿದ್ದ ಅಂಗಳದವನು. ಹಳೇ ಗಾಡಿ ಮಾರುವವರ ಬಾಯಲ್ಲಿ ಎಲ್ಲ ಗಾಡಿಗಳೂ ಮೇಷ್ಟ್ರದ್ದೇ. ಮಾಲೀಕತ್ವದ ಪುಸ್ತಕದಲ್ಲಿ ಇದ್ದದ್ದು ಯಾರೋ ಹೆಂಗಸಿನ ಹೆಸರು, ಅದೂ ಬೇರೆ ತಾಲ್ಲೂಕಿನವಳದು. ಹೊಸದಾಗಿ ಬಳಿದ ಬಣ್ಣ ಇನ್ನೂ ಮೂಗಿಗೆ ಬಡಿಯುತ್ತಿತ್ತು.

ಕಾರ್ಖಾನೆಯ ಮೇಲ್ವಿಚಾರಕಿ ಒಳ್ಳೆಯವಳು. “ವ್ರತ ಮುಗಿಯೋ ಹುಣ್ಣಿಮೆ ತನಕ ನಿನ್ನ ಮಿಷನ್ ಖಾಲಿ ಇಟ್ಟಿರ್ತೀನಿ. ಊರಲ್ಲಿ ಗಿಟ್ಟದಿದ್ರೆ ಬಂದ್ಬಿಡು” ಎಂದು ಹೇಳಿ ಕಳಿಸಿದ್ದಳು. ಆ ಹುಣ್ಣಿಮೆಗೆ ಇನ್ನು ಉಳಿದಿದ್ದುದು ಆರೇ ದಿನ. ದಿನಾ ಅರ್ಧ ಗಾಡಿ ಬಾಡಿದ ಸೊಪ್ಪು, ಕಣ್ಣು ಬಿಳಿಚಿದ ಮೀನು ವಾಪಸು ಬರುತ್ತಿದ್ದರೆ ಯಾವ ಮುಖ ಹೊತ್ತು ಇಲ್ಲಿ ನಿಲ್ಲುವುದು? ರಂಪಾಯ್‌ಗೆ ಆ ಮಿಷನ್ನಿನ ಟಕಟಕ ಸದ್ದು ಮತ್ತೆ ಕಿವಿಯಲ್ಲಿ ಕೇಳಲು ಶುರುವಾಗಿತ್ತು, ಕೇಳಿದಾಗೆಲ್ಲ ಅಳು ಬರುತ್ತಿತ್ತು.

“ಅಳ್ತಾ ಕೂತ್ರೆ ಮೀನು ಮಾರಾಟ ಆಗುತ್ತಾ?” ಎಂದಳು ಪಕ್ಕದ ಸೀಟಿನಲ್ಲಿ ಎಲೆಅಡಿಕೆ ಅಗಿಯುತ್ತಿದ್ದ ಅವಳ ತಾಯಿ ಖಾಮ್. ವಯಸ್ಸು ಎಪ್ಪತ್ತೊಂದು, ನಾಲಿಗೆಗೆ ಇನ್ನೂ ಹದಿನೇಳು. “ಮಾರೋಕೆ ಬರ್ದಿದ್ರೆ ಹೋಗು, ರಯೋಂಗಿಗೇ ಹೋಗು. ಆ ಮಿಷನ್ನೇ ನಿಂಗೆ ಗಂಡ.”

“ಅಮ್ಮ, ನಿಜ ಹೇಳು. ನಮ್ಮ ದಾರಿ ನೀನು ಯಾರ ಹತ್ರ ಬಾಯಿ ಬಿಡ್ತಿದ್ದೀಯ?”

“ನಾನಾ?” ಖಾಮ್ ಕಿಟಕಿಯಿಂದ ಕೆಂಪಗೆ ಉಗುಳಿದಳು. “ತಾಯಿ ಆಣೆ. ಗಾಡಿತಾಯಿಗೆ ಬಿಟ್ರೆ ನಾನು ಯಾರಿಗೂ ಹೇಳಿಲ್ಲ.”

ಈ ಮಾತು ಅಕ್ಷರಶಃ ನಿಜವಾಗಿತ್ತು. ಆದರೆ ಅದರಲ್ಲೇ ಇಡೀ ಅನಾಹುತ ಅಡಗಿದೆ ಎಂದು ಆ ಹೊತ್ತಿನಲ್ಲಿ ಯಾರಿಗೆ ಗೊತ್ತಿತ್ತು?

ಗಾಡಿಗೊಬ್ಬಳು ತಾಯಿ ಇರುತ್ತಾಳೆ. ದೋಣಿಗಿರುವಂತೆ ಪಿಕಪ್ಪಿಗೂ ಇರುತ್ತಾಳೆ, ಸ್ಟಿಯರಿಂಗಿನ ಕಂಬದಲ್ಲಿ ನೆಲೆಸಿರುತ್ತಾಳೆ. ಆ ಕಂಬಕ್ಕೆ ಮೂರು ಬಣ್ಣದ ಬಟ್ಟೆ ಸುತ್ತಿ, ಹೂಮಾಲೆ ಹಾಕಿ, ಕೆಂಪು ಸೋಡಾ ಇಟ್ಟು ಕೈಮುಗಿಯದೆ ಚಕ್ರ ಉರುಳಿಸುವ ಧೈರ್ಯ ಯಾರಿಗೂ ಇಲ್ಲ. ಈ ಗಾಡಿ ಅಂಗಳದಿಂದ ಬರುವಾಗಲೇ ಕಂಬದಲ್ಲಿ ಬಟ್ಟೆಯಿತ್ತು, ದಪ್ಪಗೆ, ಬಾಣಂತಿಗೆ ಸೊಂಟ ಕಟ್ಟಿದಂತೆ. ಮೊದಲಿನವರು ಭಕ್ತರು ಎಂದು ಖಾಮ್ ಹಿಗ್ಗಿಹೋಗಿದ್ದಳು. ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ಬಿಚ್ಚುವ ಮಾತೇ ಇಲ್ಲ. ಅದರ ಮೇಲೇ ಇನ್ನೊಂದು ಸುತ್ತು ಕಟ್ಟಿದ್ದಳು.

ದಿನಾ ಬೆಳಿಗ್ಗೆ ಐದಕ್ಕೆ ರಂಪಾಯ್ ಗಾಡಿಯ ಹಿಂದೆ ನಿಂತು ಚೀಲ ಕಟ್ಟುತ್ತಿದ್ದರೆ, ಮುಂದೆ ಊದುಬತ್ತಿ ಹಚ್ಚಿ ಖಾಮ್ ತಾಯಿಯ ಜೊತೆ ಮಾತಿಗಿಳಿಯುತ್ತಿದ್ದಳು. ಅವಳ ಪ್ರಾರ್ಥನೆ ಎಂದರೆ ಕಟ್ಟೆಯ ಮೇಲಿನ ಹರಟೆಯೇ. “ತಾಯೀ, ಇವತ್ತು ಮೊದಲು ನೋಂಗ್‌ಸಿಮ್‌ಗೆ ಹೋಗ್ತೀವಿ, ಆರೂಕಾಲಿಗೆ. ಅಲ್ಲಿಂದ ಡೋಂಗ್‌ಯಾಂಗ್. ಬೆಕ್ಕುಮೀನು ಚೆನ್ನಾಗಿದೆ, ಬದನೆ ಸ್ವಲ್ಪ ಹುಳ ಹೊಡೆದಿದೆ, ಜನದ ಕಣ್ಣಿಗೆ ಬೀಳದ ಹಾಗೆ ನೋಡ್ಕೊ. ಆ ಸಮ್ರಿತ್‌ನ ಚಕ್ರ ಪಂಕ್ಚರ್ ಮಾಡು. ಆಸಾಮಿಗೆ ಏನೂ ಆಗೋದು ಬೇಡ, ಚಕ್ರ ಸಾಕು.” ಕೊನೆಗೆ ತಲೆ ಬಗ್ಗಿಸಿ, ದನಿ ತಗ್ಗಿಸಿ ಇನ್ನೂ ಏನೋ ಹೇಳಿಕೊಳ್ಳುತ್ತಿದ್ದಳು. ಅದು ಹಿಂದೆ ನಿಂತವಳಿಗೆ ಕೇಳಿಸುತ್ತಿರಲಿಲ್ಲ.

ಖಾಮ್‌ಗೆ ಪರಮಾನಂದದ ವಿಷಯ ಇನ್ನೊಂದಿತ್ತು. ಅವಳು ಕೈಮುಗಿದು ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ತಲೆಯ ಮೇಲಿನ ಧ್ವನಿವರ್ಧಕ ತಾನಾಗಿ ಸದ್ದು ಮಾಡುತ್ತಿತ್ತು. ಟಿಟ್ಟಿಟಿಟ್, ಟಿಟ್ಟಿಟಿಟ್, ಝ್ರ್ರ್ರ್.

“ಕೇಳಿದ್ಯಾ? ತಾಯಿ ಹೂಂಗುಟ್ಟಿದ್ಲು!”

ಹೂಂಗುಟ್ಟುವ ದೇವತೆ ಯಾರ ಮನೆಯಲ್ಲಿದ್ದಾಳೆ? ಅಕ್ಕಪಕ್ಕದ ಮೂವರು ಮುದುಕಿಯರು ಇದನ್ನು ಕೇಳಲೆಂದೇ ಐದಕ್ಕೆದ್ದು ಬರುತ್ತಿದ್ದರು. ಒಬ್ಬಳಂತೂ ಆ ಟಿಟ್ಟಿಟಿಟ್ ಎಣಿಸಿ ಲಾಟರಿ ನಂಬರು ಬೇರೆ ತೆಗೆಯುತ್ತಿದ್ದಳು.

ಹುಣ್ಣಿಮೆಗೆ ಐದು ದಿನ ಇರುವಾಗ ರಂಪಾಯ್‌ಗೆ ಆ ಸದ್ದು ತಡೆಯಲಾಗಲಿಲ್ಲ. “ಬೆಕ್ಕುಮೀನು” ಎಂದು ಕೂಗಲು ಹೋದರೆ ಧ್ವನಿವರ್ಧಕ ನಡುವೆ ಕುಟುಕಿತು. ಗಾಡಿಯನ್ನು ಸೀದಾ ಉದೊಮ್‌ನ ಹುಣಿಸೆಮರದ ಕೆಳಗೆ ತಂದು ನಿಲ್ಲಿಸಿದಳು. ಉದೊಮ್ ರೇಡಿಯೋದಿಂದ ಹಿಡಿದು ನೀರಿನ ಪಂಪಿನವರೆಗೆ ವೈರ್ ಇರುವುದನ್ನೆಲ್ಲ ರಿಪೇರಿ ಮಾಡುವ ಸಣಕಲ, ಮೂರು ಮಕ್ಕಳ ತಂದೆ, ಮಾತಿನಲ್ಲಿ ನಿಧಾನಸ್ಥ.

ಅವನು ಎರಡು ಸಲ ಆ ಸದ್ದು ಕೇಳಿದ. “ಅಕ್ಕ, ನಿನ್ನ ಮೊಬೈಲ್ ಎಲ್ಲಿ?”

“ಮನೇಲಿ. ಚಾರ್ಜಿಗೆ.”

“ಅಮ್ಮನ ಹತ್ರ?”

“ನಂಗ್ಯಾಕೆ ಆ ದರಿದ್ರ,” ಎಂದಳು ಖಾಮ್.

“ಹಾಗಾದ್ರೆ ಈ ಗಾಡಿ ಒಳಗೇ ಒಂದು ಫೋನ್ ಇದೆ. ಸ್ಪೀಕರ್ ಪಕ್ಕ ಫೋನಿಗೆ ಕರೆ ಬಂದ್ರೆ, ಅದರಿಂದ ಸಂದೇಶ ಹೋದ್ರೆ ಹೀಗೇ ಕುಟುಕೋದು.” ಅವನು ಸ್ಕ್ರೂಡ್ರೈವರನ್ನು ಕಿವಿಯಿಂದ ತೆಗೆದ. “ಹುಡುಕೋಣ.”

ಹುಡುಕಾಟ ಎಂದರೆ ಅದು! ಸೀಟು ಎತ್ತಿದರು, ಕಾಲಡಿಯ ಚಾಪೆ ಕಿತ್ತರು, ಬಾಗಿಲಿನ ಹಲಗೆ ಬಿಚ್ಚಿದರು. ಕಪ್ಪು ಟೇಪು ಸುತ್ತಿದ ಒಂದು ಕೊಳವೆ ಸೀಟಿನಡಿ ಸಿಕ್ಕಿತು. “ಇದೇ!” ಎಂದು ರಂಪಾಯ್ ಕಿರುಚಿ ಟೇಪು ಬಿಚ್ಚಿದರೆ ಒಳಗೆ ಮಂತ್ರ ಬರೆದ ತಗಡಿನ ತಾಯಿತ. ಮೂವರೂ ದಡಬಡಿಸಿ ಕೈಮುಗಿದು ತಪ್ಪಾಯಿತೆಂದರು. ಡ್ಯಾಶ್‌ಬೋರ್ಡಿನ ಪೆಟ್ಟಿಗೆಯ ಹಿಂದೆ ಇನ್ನೊಂದು ಗಂಟು. ಬಿಚ್ಚಿದರೆ ಮರದಲ್ಲಿ ಕೆತ್ತಿದ ಗಂಡಸಿನ ಅಂಗ, ವ್ಯಾಪಾರ ವೃದ್ಧಿಯಾಗಲೆಂದು ಯಾರೋ ಬಚ್ಚಿಟ್ಟದ್ದು. ಖಾಮ್ ಅದನ್ನು ಅಂಗೈಯಲ್ಲಿಟ್ಟು ತೂಗಿ ನೋಡಿ, “ಮೇಷ್ಟ್ರು ಬಲು ರಸಿಕರು” ಎಂದಳು. ಉದೊಮ್ ನಕ್ಕು ನಕ್ಕು ಬಾನೆಟ್ಟಿಗೆ ತಲೆ ಹೊಡೆಸಿಕೊಂಡ. ಹೀಗೆ ಏಳು ದೇವರು ಹೊರಬಂದರು, ಏಳಕ್ಕೂ ಮತ್ತೆ ಟೇಪು ಸುತ್ತಿ, ಕ್ಷಮೆ ಕೇಳಿ, ಇದ್ದಲ್ಲೇ ಕೂರಿಸಿದರು. ಫೋನ್ ಮಾತ್ರ ಇಲ್ಲ.

ಕಡೆಗೆ ಉದೊಮ್ ಅಂಗಾತ ಮಲಗಿ, ಬ್ರೇಕು ಕ್ಲಚ್ಚುಗಳ ಮೇಲೆ ತಲೆ ತೂರಿಸಿ ಟಾರ್ಚು ಬಿಟ್ಟ. ಫ್ಯೂಸ್ ಪೆಟ್ಟಿಗೆಯಿಂದ ಎರಡು ಎಳೆ ವೈರು ಹೊರಟಿತ್ತು, ಒಂದು ಕೆಂಪು, ಒಂದು ಕಪ್ಪು. ಗಾಡಿಯ ಜೊತೆ ಬಂದ ವೈರಿನಂತೆ ಅದಿರಲಿಲ್ಲ, ಯಾರೋ ಆಮೇಲೆ ಸೇರಿಸಿದ ಕೈಕೆಲಸ. ಅವನ ಬೆರಳು ವೈರನ್ನು ಹಿಡಿದು ಮೇಲೆ ಮೇಲೆ ಹೋಯಿತು. ಸ್ಟಿಯರಿಂಗ್ ಕಂಬ ಹತ್ತಿತು. ಮೂರು ಬಣ್ಣದ ಬಟ್ಟೆಯ ಒಳಗೆ ನುಸುಳಿತು. ಅಲ್ಲಿ ಬೆರಳು ನಿಂತಿತು.

ಅವನು ಕೆಳಗಿನಿಂದ ಮೆಲ್ಲಗೆ ಕೇಳಿದ: “ಅಮ್ಮ... ತಾಯಿಗೆ ಕರೆಂಟ್ ಯಾಕೆ ಬೇಕು?”

ಉದೊಮ್ ಕೈಗನ್ನಡಿ ತರಿಸಿ ಬಟ್ಟೆಯ ಕೆಳಗೆ ಹಿಡಿದ. ಮಡಿಕೆಗಳ ನಡುವೆ ಹಸಿರು ದೀಪವೊಂದು ಕಣ್ಣು ಮಿಟುಕಿಸುತ್ತಿತ್ತು.

“ಅದು ತಾಯಿಯ ಬೆಳಕು ಕಣೋ,” ಎಂದಳು ಖಾಮ್. “ನಾನು ದಿನಾ ನೋಡಿ ಕಣ್ಣಿಗೆ ಒತ್ಕೋತೀನಿ.”

ಉದೊಮ್ ಬೆರಳನ್ನು ತುಟಿಗಿಟ್ಟು ಸನ್ನೆ ಮಾಡಿದ. ಇಬ್ಬರನ್ನೂ ಕರೆದುಕೊಂಡು ಕೋಳಿಗೂಡಿನ ಹಿಂದಕ್ಕೆ ನಡೆದ. ಅಲ್ಲಿ ಕೋಳಿಗಳ ಗದ್ದಲದಲ್ಲಿ ಪಿಸುಗುಟ್ಟಿದ: “ಗಾಡಿ ಎಲ್ಲಿದೆ ಅಂತ ತೋರಿಸೋ ಯಂತ್ರ ಅದು. ಕಳ್ಳತನ ಆಗದಿರ್ಲಿ ಅಂತ ಹಾಕಿಸ್ತಾರೆ. ಒಳಗೆ ಸಿಮ್ ಇರುತ್ತೆ, ಆಗಾಗ ಸಂದೇಶ ಕಳಿಸ್ತಿರುತ್ತೆ. ಕೆಲವಕ್ಕೆ ಮೈಕೂ ಇರುತ್ತೆ. ಆ ನಂಬರಿಗೆ ಫೋನ್ ಮಾಡಿದ್ರೆ ಸಾಕು, ರಿಂಗೇ ಆಗದೆ ತೆರ್ಕೊಳ್ಳುತ್ತೆ, ಗಾಡಿಯಲ್ಲಿ ಆಡಿದ್ದೆಲ್ಲ ಕೇಳಿಸುತ್ತೆ. ದಿನಾ ಬೆಳಿಗ್ಗೆ ಐದಕ್ಕೆ ತಾಯಿ ಹೂಂಗುಟ್ತಾಳೆ ಅಂತೀರಲ್ಲ, ಆಗ ಯಾರೋ ಫೋನ್ ಮಾಡ್ತಿದ್ದಾರೆ.”

ಖಾಮ್ ಕೋಳಿಗೂಡಿಗೆ ಒರಗಿದಳು. ಮೂರು ತಿಂಗಳು! ದಾರಿ, ಹೊತ್ತು, ಹುಳ ಹೊಡೆದ ಬದನೆ, ತನ್ನ ಮಲಬದ್ಧತೆ, ಪಕ್ಕದ ಮನೆಯ ಸೊಸೆಯ ವಿಷಯ. ಎಲ್ಲ! ತಾಯಿ ಹೂಂಗುಟ್ಟಿದ್ದಲ್ಲ, ಯಾವನೋ ಕಿವಿ ಕೊಟ್ಟು ಕೂತಿದ್ದ.

“ಯಾವನೋ ಅಲ್ಲ,” ರಂಪಾಯ್ ಹಲ್ಲು ಕಡಿದಳು. “ಕಪ್ಪು ಕನ್ನಡಕದವನು. ಉದೊಮ್, ಈಗಲೇ ಕಿತ್ತುಹಾಕು.”

“ನಾನಾ? ಕಟ್ಟಿದ ಬಟ್ಟೆ ಬಿಚ್ಚೋದಾ? ನಂಗೆ ಮೂರು ಮಕ್ಕಳಿದ್ದಾರೆ ಅಕ್ಕ. ಕಟ್ಟಿದವನೇ ಬಿಚ್ಚಲಿ. ಆಮೇಲೆ ವೈರ್ ಕೆಲಸ ನಂದು.”

ರಂಪಾಯ್ ತಾನೇ ಹೋಗಿ ಗಂಟಿಗೆ ಕೈ ಹಾಕಿದಳು. ಹಾಕಿದ ಕೈಯನ್ನು ಹಿಂದಕ್ಕೆಳೆದು ತಾಯಿಗೆ ಮುಗಿದಳು. ವಾಪಸು ಬಂದಳು. ಈ ಗಂಟು ಬಿಚ್ಚಲು ಯಾರೂ ಹೋಗುವುದಿಲ್ಲ, ಅಷ್ಟರ ಮಟ್ಟಿಗೆ ಕಟ್ಟಿದವನು ಭಲೇ ಜಾಣ. ಅಥವಾ ಭಲೇ ಭಕ್ತ.

“ಸರಿ, ಹಾಗಾದ್ರೆ ಅವನನ್ನೇ ಕುಣಿಸೋಣ,” ಎಂದಳು. “ಅಮ್ಮ, ನಾಳೆ ನೀನು ಪ್ರಾರ್ಥನೆ ಮಾಡುವಾಗ ಪೂರ್ವದ ಕಡೆ ಹೋಗ್ತೀವಿ ಅನ್ನು. ನಾವು ಪಶ್ಚಿಮಕ್ಕೆ ಹೋಗೋಣ.”

“ತಾಯಿ ಮುಂದೆ ಸುಳ್ಳಾ?” ಖಾಮ್ ನೆಟ್ಟಗಾದಳು. “ಯಂತ್ರ ಇರ್ಲಿ ಬಿಡ್ಲಿ, ತಾಯಿ ಅಲ್ಲೇ ಇದ್ದಾಳೆ. ಅವಳ ಮುಂದೆ ಸುಳ್ಳು ಹೇಳಿ ಈ ವಯಸ್ಸಲ್ಲಿ ನನ್ನ ನಾಲಿಗೆಗೆ ಹುಳ ಬೀಳ್ಬೇಕಾ?”

“ಮತ್ತೆ ಏನ್ಮಾಡೋದು? ಅವನನ್ನ ಕೇಳಿದ್ರೆ ನಾನಲ್ಲ ಅಂತಾನೆ. ಸಾಕ್ಷಿ ಎಲ್ಲಿದೆ?”

ಖಾಮ್ ಒಂದು ಎಲೆಗೆ ಸುಣ್ಣ ಹಚ್ಚಿ ಬಾಯಿಗಿಟ್ಟು ಅಗಿಯುತ್ತ ಕೋಳಿಗಳನ್ನೇ ನೋಡಿದಳು. ನೋಡುತ್ತ ನೋಡುತ್ತ ಅವಳ ಮುಖದ ಮೇಲೆ ಒಂದು ತುಂಟನಗೆ ಮೂಡಿತು.

“ನಿಂಗೆ ಚಿಕ್ಕಂದಿನಲ್ಲಿ ವಿಷಮಶೀತ ಜ್ವರ ಬಂದಿತ್ತು, ನೆನಪಿದ್ಯಾ? ಹರಕೆ ಹೊತ್ತಿದ್ದು ಯಾರು?”

“ನೀನು.”

“ಬಿಳಿ ಬಟ್ಟೆ ಉಟ್ಕೊಂಡು ಮೂರು ದಿನ ವಿಹಾರದಲ್ಲಿ ಕೂತು ತೀರಿಸಿದ್ದು ಯಾರು?”

“ನಾನು.”

“ಹಾಗಾದ್ರೆ ಒಬ್ಬರ ಹೆಸರಲ್ಲಿ ಇನ್ನೊಬ್ಬರು ಹರಕೆ ಹೊರಬಹುದು ತಾನೆ? ತೀರಿಸದಿದ್ರೆ ಪಾಡು ಅವರದ್ದೇ ತಾನೆ?” ಖಾಮ್ ಅಡ್ಡ ಬಂದ ಕೋಳಿಯನ್ನು ಕಾಲಿನಿಂದ ಸರಿಸಿದಳು. “ನಾಳೆ ನೋಡ್ತಿರು.”

ಮರುದಿನ ಐದಕ್ಕೆ ಊದುಬತ್ತಿ ಹತ್ತಿತು, ಕೆಂಪು ಸೋಡಾ ಬಂತು. ಟಿಟ್ಟಿಟಿಟ್, ಝ್ರ್ರ್ರ್. ರಂಪಾಯ್ ಚೀಲ ಕಟ್ಟುವುದನ್ನು ಬಿಟ್ಟು ಬಾಯಿಗೆ ಸೆರಗಿನಂತೆ ಟವಲು ತುರುಕಿಕೊಂಡು ನಿಂತಳು. ಖಾಮ್ ಗಂಟಲು ಸರಿಮಾಡಿಕೊಂಡು ಪ್ರತಿ ಅಕ್ಷರವನ್ನೂ ಬಿಡಿಸಿ ಬಿಡಿಸಿ ಹೇಳಿದಳು:

“ತಾಯೀ, ನಾನು ನಿಂಗೆ ಹೇಳೋದನ್ನ ಇನ್ನೊಬ್ಬರೂ ಕೇಳಿಸ್ಕೋತಿದ್ದಾರಂತೆ. ಯಾರು ಅಂತ ನಾನು ಕಣ್ಣಾರೆ ಕಂಡಿಲ್ಲ, ಅದಕ್ಕೇ ಹೆಸರು ಹೇಳಲ್ಲ. ಮೂರು ತಿಂಗಳಿಂದ ನಿನ್ನ ದಯೆಯಿಂದ ಅವರಿಗೆ ವ್ಯಾಪಾರ ಭರ್ಜರಿ. ಪಾಪ, ನಿಂಗೆ ಒಂದು ಮಾಲೆ ಕೂಡ ಹಾಕಿಲ್ಲ. ಅದಕ್ಕೆ ಅವರ ಪರವಾಗಿ ನಾನೇ ಹರಕೆ ಹೊರ್ತೀನಿ. ಈ ಹುಣ್ಣಿಮೆ ಬೆಳಿಗ್ಗೆ ವಿಹಾರದ ಅಂಗಳದಲ್ಲಿ, ಹೆಂಗಸರುಡೋ ಪಾಸಿನ್ ಉಟ್ಕೊಂಡು, ಕಿವಿಗೆ ಹೂವಿಟ್ಕೊಂಡು, ನಿನ್ನ ಸುತ್ತ ಒಂಬತ್ತು ಸುತ್ತು ಕುಣೀತಾರೆ. ಕುಣಿದ್ರೆ ಅವರನ್ನ ಕಾಪಾಡು. ಕುಣೀದಿದ್ರೆ ನೀನುಂಟು, ಅವರ ಗಾಡಿ ಉಂಟು.”

ಧ್ವನಿವರ್ಧಕದ ಝ್ರ್ರ್ರ್ ಟಕ್ಕನೆ ನಿಂತುಹೋಯಿತು. ಅಷ್ಟು ಬೇಗ ಅದು ಯಾವತ್ತೂ ನಿಂತಿರಲಿಲ್ಲ. ರಂಪಾಯ್ ಟವಲು ಕಚ್ಚಿಕೊಂಡು ಗಾಡಿಯ ಹಿಂದೆ ಕುಕ್ಕರಿಸಿ ಕೂತು ಕಣ್ಣೀರು ಬರುವಷ್ಟು ನಕ್ಕಳು.

ಮುಂದಿನದನ್ನು ತಾಯಿಯೇ ಮಾಡಿದಳೋ, ಕಳಪೆ ರಸ್ತೆ ಮಾಡಿತೋ, ನಾನು ಹೇಳಲಾರೆ. ಆ ಮಧ್ಯಾಹ್ನ ಸಮ್ರಿತ್‌ನ ಹೊಸ ಗಾಡಿಯ ಚಕ್ರಕ್ಕೆ ಮೊಳೆ ಹೊಕ್ಕಿತು. ಮಾರನೇ ದಿನ ಅವನ ತಕ್ಕಡಿಯ ಕೊಕ್ಕೆ ಮುರಿದು ಒಂದು ಹಂದಿಯ ಕಾಲು ಚರಂಡಿಗೆ ಬಿತ್ತು. ಅದರ ಮಾರನೇ ದಿನ ಮೀನಿನ ಪೆಟ್ಟಿಗೆಯ ಮುಚ್ಚಳ ಗಾಳಿಗೆ ಹಾರಿ, ಸೈಕಲ್ ಮೇಲೆ ಹೋಗುತ್ತಿದ್ದ ಗ್ರಾಮದ ಮುಖ್ಯಸ್ಥನ ಬೆನ್ನಿಗೆ ಬಡಿಯಿತು. ನೋಂಗ್‌ಸಿಮ್‌ನಲ್ಲಿ ಎದುರಾದಾಗ ಸಮ್ರಿತ್ ಕನ್ನಡಕ ಹಾಕಿರಲಿಲ್ಲ. ಕಣ್ಣ ಕೆಳಗೆ ಕಪ್ಪಾಗಿತ್ತು.

“ಅಣ್ಣ, ಹುಷಾರಿಲ್ವಾ?” ಎಂದು ರಂಪಾಯ್ ಬೆಣ್ಣೆಯಂಥ ದನಿಯಲ್ಲಿ ಕೇಳಿದಳು.

“ಹೊಟ್ಟೆ ಸರಿ ಇಲ್ಲ,” ಎಂದು ಅವನು ಗಾಡಿ ಹತ್ತಿದ.

ಹುಣ್ಣಿಮೆಯ ಬೆಳಿಗ್ಗೆ ಹನ್ನೊಂದು ಹಳ್ಳಿಗಳ ಹೆಂಗಸರೂ ಅನ್ನದ ಬುಟ್ಟಿ ಹಿಡಿದು ವಿಹಾರಕ್ಕೆ ಬಂದಿದ್ದರು. ರಂಪಾಯ್ ಗಾಡಿಯನ್ನು ಅಂಗಳದ ನಟ್ಟನಡುವೆ ನಿಲ್ಲಿಸಿ ಕಾದಳು. ಭಿಕ್ಷುಗಳ ಊಟ ಮುಗಿಯಿತು. ಮಂತ್ರಪಠಣ ಮುಗಿಯಿತು. ಯಾರೂ ಬರಲಿಲ್ಲ. ಬರದಿದ್ದರೆ ಸಾಕ್ಷಿಯಿಲ್ಲ, ಸಾಕ್ಷಿಯಿಲ್ಲದಿದ್ದರೆ ನಾಳೆಯೂ ಅವನೇ ಮೊದಲು, ತನಗೆ ಇವತ್ತೇ ಸಂಜೆ ರಯೋಂಗಿನ ಬಸ್ಸು. ಬಟ್ಟೆಯ ಗಂಟು ಆಗಲೇ ಕಟ್ಟಿಟ್ಟಿದ್ದಳು. ಅಮ್ಮನಿಗೆ ಕಾಣದಿರಲೆಂದು ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದಳು.

ಆಗ ಹೆಬ್ಬಾಗಿಲ ಬಳಿ ಒಬ್ಬಳು ಹೆಂಗಸು ಕಿಟಾರನೆ ಕಿರುಚಿದಳು. ಆಮೇಲೆ ಇಡೀ ಅಂಗಳವೇ ಕಿರುಚಿತು.

ಸಮ್ರಿತ್ ಬರುತ್ತಿದ್ದ. ನೇರಳೆ ಬಣ್ಣದ ಪಾಸಿನ್, ಜರಿ ಅಂಚಿನದು, ಗಿಡ್ಡವಾಗಿ ಮೊಣಕಾಲು ಕಾಣುತ್ತಿತ್ತು. ಕಿವಿಯಲ್ಲಿ ಕೆಂಪು ದಾಸವಾಳ. ಮೀಸೆಯನ್ನು ಮಾತ್ರ ಏನೂ ಮಾಡಲಾಗದೆ ಹಾಗೇ ಬಿಟ್ಟಿದ್ದ. ಯಾರ ಮುಖವನ್ನೂ ನೋಡದೆ ನೆಟ್ಟಗೆ ಗಾಡಿಯ ಮುಂದೆ ಬಂದು, ಮಂಡಿಯೂರಿ ನಮಸ್ಕರಿಸಿ, ಒಂಬತ್ತು ಮಾಲೆ ಇಟ್ಟು ಎದ್ದು ನಿಂತ.

“ಏನು ಸಮ್ರಿತ್ ಅಣ್ಣ, ಯಾರು ಹೇಳಿದ್ರು ನಿಮಗೆ ಹರಕೆ ವಿಷಯ?” ಎಂದು ರಂಪಾಯ್ ಮೈಕಿನಲ್ಲಿ ಕೇಳಿದಳು. “ನಮ್ಮಮ್ಮ ಹೇಳಿದ್ದು ತಾಯಿ ಒಬ್ಬಳಿಗೇ.”

ಅವನು ತಲೆ ತಗ್ಗಿಸಿದ. “ಹಾಡು ಹಾಕು ತಂಗಿ,” ಎಂದ ಸಣ್ಣಗೆ. “ಬೇಗ ಮುಗೀಲಿ.”

ಉದೊಮ್ ಹಾಡು ಹಾಕಿದ, ಅದೂ ಇದ್ದುದರಲ್ಲಿ ಉದ್ದನೆಯದು. ಸಮ್ರಿತ್ ಕುಣಿಯತೊಡಗಿದ. ಮೊದಲ ಸುತ್ತಿನಲ್ಲಿ ಕಟ್ಟಿಗೆಯಂತಿದ್ದ. ಎರಡನೆಯದರಲ್ಲಿ ಪಾಸಿನ್ ಜಾರಿ ಒಂದು ಕೈಯಲ್ಲಿ ಹಿಡಿದುಕೊಂಡ. ನಾಲ್ಕನೆಯದಕ್ಕೆ ಡೋಂಗ್‌ಯಾಂಗಿನ ಮುದುಕಿಯೊಬ್ಬಳು ಸೇರಿಕೊಂಡಳು, ಐದಕ್ಕೆ ಹತ್ತು ಜನ. ಏಳನೆಯದಕ್ಕೆ ಅವನ ಕೈಗಳು ತಾವಾಗಿ ತಾಳಕ್ಕೆ ತಿರುಗತೊಡಗಿದವು. ಲಾಟರಿ ಮುದುಕಿ ಅವನ ಸುತ್ತುಗಳನ್ನು ಎಣಿಸಿ ಎಣಿಸಿ ಕೈಮೇಲೆ ಬರೆದುಕೊಂಡಳು. ಹಿರಿಯ ಭಿಕ್ಷುವೊಬ್ಬರು ಬೀಸಣಿಗೆಯನ್ನು ಮುಖಕ್ಕೆ ಅಡ್ಡ ಹಿಡಿದಿದ್ದರು, ಬೀಸಣಿಗೆ ಗಡಗಡ ಅಲುಗುತ್ತಿತ್ತು. ರಂಪಾಯ್ ಅಷ್ಟು ನಕ್ಕಿದ್ದು ಹತ್ತೊಂಬತ್ತು ವರ್ಷದಲ್ಲಿ ಇದೇ ಮೊದಲು. ಅವನ ಮೇಲಿನ ಸಿಟ್ಟು ಎಷ್ಟು ಹುಡುಕಿದರೂ ಸಿಗದೆ ಹೋಯಿತು.

ಒಂಬತ್ತು ಮುಗಿದ ಮೇಲೆ ಖಾಮ್ ತಾನು ಕಟ್ಟಿದ ಮೇಲಿನ ಸುತ್ತು ಬಿಚ್ಚಿದಳು, ಅವನು ಗಾಡಿಯೊಳಗೆ ಬಗ್ಗಿದ. “ತಾಯೀ, ನಾನೇ ಕಟ್ಟಿದ್ದು, ನಾನೇ ಬಿಚ್ತೀನಿ” ಎಂದು ಹೇಳಿ ಗಂಟು ಬಿಚ್ಚಿದ. ಬಟ್ಟೆಯ ಸುರುಳಿಯಲ್ಲಿ ಬೆಂಕಿಪೊಟ್ಟಣದಷ್ಟಿದ್ದ ಕರಿ ಪೆಟ್ಟಿಗೆ ಹೊರಬಂತು. ಉದೊಮ್ ಫ್ಯೂಸ್ ತೆಗೆದ, ಎರಡೂ ವೈರ್ ಬಿಡಿಸಿದ, ತುದಿಗಳಿಗೆ ಟೇಪು ಸುತ್ತಿದ, ಸಿಮ್ ಕಿತ್ತು ಸಮ್ರಿತ್‌ನ ಅಂಗೈ ಮೇಲಿಟ್ಟ. ಹಸಿರು ದೀಪ ಆರಿತು. ಖಾಮ್ ಹೊಸ ಬಟ್ಟೆ ಕಟ್ಟಿದಳು, ಈ ಸಲ ತೆಳ್ಳಗೆ.

ಜನ ಚದುರಿದ ಮೇಲೆ ಸಮ್ರಿತ್ ಗಾಡಿಯ ನೆರಳಿನಲ್ಲಿ ಕುಸಿದು ಕೂತ. ರಂಪಾಯ್ ಅವನಿಗೊಂದು ಲೋಟ ನೀರು ಕೊಟ್ಟಳು.

“ಇದು ನನ್ನ ಹಳೇ ಗಾಡಿ ತಂಗಿ. ನನ್ನಕ್ಕನ ಹೆಸರಲ್ಲಿತ್ತು. ಮಾರಿದ ಮೇಲೂ ಮೊಬೈಲಲ್ಲಿ ಚುಕ್ಕೆ ಓಡ್ತಾನೇ ಇತ್ತು. ಯಾರು ಕೊಂಡ್ರೋ ನೋಡೋಣ ಅಂತ ಒಂದು ದಿನ ಕಿವಿ ಇಟ್ಟೆ. ನಿಮ್ಮಮ್ಮ ದಾರಿ ಹೇಳ್ತಿದ್ಲು. ಆಸೆ ಬಂತು. ತಪ್ಪು ನಂದೇ.” ಅವನು ಕಿವಿಯ ದಾಸವಾಳ ತೆಗೆದು ನೋಡಿದ. “ಆದ್ರೆ ದಾರಿ ಕೇಳಿದ ಮೇಲೆ ಫೋನ್ ಇಟ್ಬಿಡಬೇಕಿತ್ತು. ಇಡೋಕೆ ಆಗ್ತಿರ್ಲಿಲ್ಲ. ಕೊನೇಲಿ ಒಂದು ಮಾತು ಹೇಳ್ತಿದ್ಲಲ್ಲ, ದನಿ ತಗ್ಗಿಸಿ.”

“ಏನದು? ನಂಗೆ ಕೇಳಿಸಿಲ್ಲ.”

“ದಿನಾ ಅದೇ. ‘ತಾಯೀ, ಮೀನು ಮಾರಾಟ ಆಗದಿದ್ರೂ ಪರವಾಗಿಲ್ಲ. ನನ್ನ ಮಗಳನ್ನ ರಯೋಂಗಿಗೆ ವಾಪಸು ಕಳಿಸಬೇಡ. ಹತ್ತೊಂಬತ್ತು ವರ್ಷ ಒಬ್ಬಳೇ ಉಂಡಿದ್ದೀನಿ, ಇನ್ನು ಆಗಲ್ಲ. ಅವಳ ಮುಖಕ್ಕೆ ಹೇಳೋಕೆ ನಂಗೆ ಬಾಯಿ ಬರಲ್ಲ.’” ಸಮ್ರಿತ್ ಮೂಗೊರೆಸಿಕೊಂಡ. “ಅದನ್ನ ಕೇಳಿದ್ರೆ ನಂಗೂ ಅನ್ನ ಇಳೀತಿರ್ಲಿಲ್ಲ. ಆದ್ರೂ ಮಾರನೇ ದಿನ ಮೊದಲು ಹೋಗಿ ನಿಲ್ತಿದ್ದೆ. ಎಂಥ ನೀಚ ನೋಡು. ಇನ್ಮೇಲೆ ಕಾಲುವೆಯಿಂದ ಪಶ್ಚಿಮದ ಆರು ಊರು ನಿಂದು, ಪೂರ್ವದ ಐದು ನಂದು. ಆ ಕಡೆ ನನ್ನ ಚಕ್ರ ತಿರುಗಲ್ಲ.”

ರಂಪಾಯ್ ತಿರುಗಿ ಅಮ್ಮನನ್ನು ನೋಡಿದಳು. ಅತ್ತ ಖಾಮ್ ಲಾಟರಿ ಮುದುಕಿಯ ಜೊತೆ ಜಗಳವಾಡುತ್ತಿದ್ದಳು. ಬಾಯ್ತುಂಬ ಕೆಂಪು, ಬೆನ್ನು ಬಾಗಿದೆ, ಕೈ ಸೊಂಟದ ಮೇಲಿದೆ. ಮೂರು ತಿಂಗಳು ಎದುರಿಗೆ ‘ಹೋಗು, ಹೋಗು’ ಎಂದವಳು. ಪಕ್ಕದ ಸೀಟಿನಲ್ಲಿ ಕೂತ ಮಗಳಿಗೆ ಹೇಳದ್ದನ್ನು ಸ್ಟಿಯರಿಂಗ್ ಕಂಬಕ್ಕೆ ಹೇಳಿಕೊಂಡವಳು. ರಂಪಾಯ್‌ಗೆ ಅವಳ ಮೇಲೆ ಉಕ್ಕಿಬಂದ ಪ್ರೀತಿ ಎಷ್ಟಿತ್ತೆಂದರೆ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದಳು.

“ಇನ್ನೂ ಒಂದು ಮಾತಿತ್ತು,” ಎಂದ ಸಮ್ರಿತ್ ಎದ್ದು ಪಾಸಿನ್ ಬಿಗಿಮಾಡಿಕೊಳ್ಳುತ್ತ. ಮೀಸೆಯಡಿಯಲ್ಲಿ ಹಳೇ ನಗು ಇಣುಕಿತು. “ಅದನ್ನ ನಾನು ಹೇಳಲ್ಲ. ನಿಮ್ಮಮ್ಮನ್ನೇ ಕೇಳು.”

ಮನೆಗೆ ಬಂದವಳೇ ರಂಪಾಯ್ ಅಕ್ಕಿ ಡಬ್ಬದ ಹಿಂದಿನ ಗಂಟು ಬಿಚ್ಚಿ ಬಟ್ಟೆಗಳನ್ನು ಹಗ್ಗದ ಮೇಲೆ ಹರವಿದಳು. ಮೇಲ್ವಿಚಾರಕಿಗೆ ಫೋನ್ ಮಾಡಿ ಮಿಷನ್ನನ್ನು ಬೇರೆಯವರಿಗೆ ಕೊಡಲು ಹೇಳಿದಳು. ಖಾಮ್ ಕೇಳಿಸಿಕೊಂಡರೂ ಕೇಳದವಳಂತೆ ಅಡಿಕೆ ಕತ್ತರಿಸುತ್ತ ಕೂತಳು. ಅಡಿಕೆ ಮಾತ್ರ ದಪ್ಪ ದಪ್ಪ ತುಂಡಾಯಿತು.

ಮರುದಿನ ಐದಕ್ಕೆ 'ಟಿಟ್ಟಿಟಿಟ್' ಇರಲಿಲ್ಲ. ಖಾಮ್ ದಾರಿ ಹೇಳಿದಳು, ಬದನೆಯ ಬಗ್ಗೆ ಹೇಳಿದಳು, ಸಮ್ರಿತ್‌ನ ಚಕ್ರವನ್ನು ಕಾಪಾಡು ಎಂದಳು. ಆಮೇಲೆ ತಲೆ ಬಗ್ಗಿಸಿ ದನಿ ತಗ್ಗಿಸಿದಳು. ಅಷ್ಟರಲ್ಲಿ ಪಕ್ಕದ ಬಾಗಿಲು ತೆರೆದು ರಂಪಾಯ್ ಒಳಗೆ ಕೂತಳು.

“ಆ ಕೊನೇ ಮಾತು ಇನ್ನು ಬೇಡ ಅಮ್ಮ. ನಾನು ಎಲ್ಲೂ ಹೋಗಲ್ಲ.”

ಖಾಮ್ ಬೆಚ್ಚಿ ತಿರುಗಿದಳು. “ಯಾರು ಹೇಳಿದ್ದು?”

“ನೇರಳೆ ಪಾಸಿನ್ನು.”

“ಅವನ ಕಿವಿ ಸೇದಿಹೋಗ!” ಎಂದು ಬೈದಳು ಖಾಮ್, ಬೈಯುತ್ತಲೇ ಮಗಳ ಕೈ ಹಿಡಿದಳು. ಸುಮ್ಮನೆ ಹಿಡಿದುಕೊಂಡೇ ಇದ್ದಳು. ಸುಣ್ಣ ಅಂಟಿದ ಬೆರಳು, ಸೂಜಿ ಚುಚ್ಚಿ ಗಟ್ಟಿಯಾದ ಬೆರಳು. ಆಮೇಲೆ ಕಣ್ಣೊರೆಸಿಕೊಂಡು ಮಗಳನ್ನು ಮೇಲಿಂದ ಕೆಳಗೆ ಒಂದು ಥರ ನೋಡಿದಳು. “ನಿಜವಾಗ್ಲೂ ಹೋಗಲ್ವಾ?”

“ಇಲ್ಲ ಅಂದ್ನಲ್ಲ.”

“ಹಾಗಾದ್ರೆ ತಾಯಿ ನಡೆಸಿಕೊಟ್ಲು.” ಖಾಮ್ ಸೀಟಿನ ಹಿಂದಿನಿಂದ ಮಡಚಿಟ್ಟ ಹಸಿರು ಪಾಸಿನ್ ಒಂದನ್ನು ಎಳೆದಳು, ಇಸ್ತ್ರಿ ಮಾಡಿದ್ದು. “ನೀನು ಊರಲ್ಲೇ ನಿಂತ್ರೆ ಗಾಡಿ ಸುತ್ತ ಹತ್ತೊಂಬತ್ತು ಸುತ್ತು ಕುಣೀತೀಯ ಅಂತ ಹರಕೆ ಹೊತ್ತಿದ್ದೀನಿ. ವರ್ಷಕ್ಕೊಂದು ಸುತ್ತು. ತೀರಿಸೋದು ನಿಂದು.”

ರಂಪಾಯ್ ಬಾಯಿ ತೆರೆಯುವ ಮೊದಲೇ ಬೇಲಿಯಾಚೆ ಕೀಂ ಎಂದು ಹಾರನ್ ಆಯಿತು. ಕಪ್ಪು ಕನ್ನಡಕ ಹಾಕಿಕೊಂಡು, ಧ್ವನಿವರ್ಧಕವನ್ನು ಇತ್ತ ತಿರುಗಿಸಿ, ಸಮ್ರಿತ್ ಅತಿ ಉದ್ದದ ಆ ಹಾಡನ್ನೇ ಹಾಕಿ ಕಾಯುತ್ತಿದ್ದ.